ದೇವಾಲ–ಪಂದಲೂರಿನ ಚಿನ್ನದ ಸುರಂಗಗಳನ್ನು ಕುರಿತು ನೀಲಗಿರಿ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ನೀಲಗಿರಿ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಲ್ಲಿ, ಗೂಡಲೂರಿನ ಕನ್ನಡ ಮಾತಿನ ನಿವಾಸಿಯೊಬ್ಬನ ವಿನಯಪೂರ್ವಕ ನಮಸ್ಕಾರಗಳು.

ಮಾನ್ಯರೇ,

ದೇವಾಲ, ನಾಡುಕಾಣಿ ಮತ್ತು ಪಂದಲೂರಿನ ಚಹಾ ತೋಟಗಳ ನಡುವೆ, 1880ರ ಆಸುಪಾಸಿನಲ್ಲಿ ಚಿನ್ನಕ್ಕಾಗಿ ಕೊರೆದ ಸುರಂಗಗಳೂ ಬಾವಿಯಂಥ ಗುಂಡಿಗಳೂ ಇಂದಿಗೂ ಬಾಯಿ ತೆರೆದುಕೊಂಡೇ ಇವೆ. ನಾನು ಕಣ್ಣಾರೆ ಕಂಡವುಗಳ ಸುತ್ತ ಬೇಲಿಯಿರಲಿಲ್ಲ, ಎಚ್ಚರಿಕೆಯ ಫಲಕವಿರಲಿಲ್ಲ, ಇದು ಇಂಥ ಕಾಲದ ಗಣಿ ಎಂದು ತಿಳಿಸುವ ಒಂದು ಸಾಲಿನ ಬರಹವೂ ಇರಲಿಲ್ಲ. ಒಂದು ಕಾಲದಲ್ಲಿ ಲಂಡನ್ನಿನ ಷೇರುಪೇಟೆಯಲ್ಲಿ ಎಲ್ಲರ ಬಾಯಲ್ಲೂ ಇದ್ದ ಊರುಗಳಿವು ಎಂಬುದು ಅಲ್ಲಿಗೆ ಹೋದವರಿಗೆ ತಿಳಿಯುವುದಿಲ್ಲ. ತಾವು ಕಾಲಿಟ್ಟ ನೆಲ ಒಳಗೆ ಪೊಳ್ಳಾಗಿರಬಹುದು ಎಂಬುದೂ ತಿಳಿಯುವುದಿಲ್ಲ. ಚರಿತ್ರೆಯನ್ನು ಉಳಿಸುವ ಕೆಲಸವನ್ನೂ ಜೀವಗಳನ್ನು ಉಳಿಸುವ ಕೆಲಸವನ್ನೂ ಇಲ್ಲಿ ಬೇರೆ ಬೇರೆಯಾಗಿ ಮಾಡಲು ಬರುವುದಿಲ್ಲ, ಎರಡನ್ನೂ ಒಂದೇ ಯೋಜನೆಯಲ್ಲಿ ಕೈಗೆತ್ತಿಕೊಳ್ಳಬೇಕು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಇದರ ತಮಿಳು ಪ್ರತಿಯನ್ನು ತಮ್ಮ ಕಚೇರಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಕನ್ನಡದಲ್ಲಿ ಬಹಿರಂಗವಾಗಿ ಬರೆಯುವುದಕ್ಕೂ ಕಾರಣವಿದೆ. ನಮ್ಮ ಹಿರಿಯರು ಗುಂಡ್ಲುಪೇಟೆ ಕಡೆಯಿಂದ ತರಕಾರಿ ವ್ಯಾಪಾರಕ್ಕೆಂದು ಬಂದು ಗೂಡಲೂರಿನಲ್ಲಿ ನೆಲೆ ನಿಂತವರು, ಅಂಥ ಮನೆಗಳು ಇಲ್ಲಿ ಇನ್ನೂ ಇವೆ. ಬಂಡೀಪುರ ದಾಟಿ, ಕಕ್ಕನಹಳ್ಳದ ಚೆಕ್‌ಪೋಸ್ಟ್ ಕಳೆದು, ತೆಪ್ಪಕಾಡಿನ ಮೂಲಕ ಊಟಿಗೆ ಹೋಗುವ ಮೈಸೂರು ಸೀಮೆಯ ಜನ ಗೂಡಲೂರಿನಲ್ಲಿ ಚಹಾ ಕುಡಿದು ಬೆಟ್ಟ ಹತ್ತುತ್ತಾರೆ. ಈಚೆಗೆ ಅವರಲ್ಲಿ ಕೆಲವರು, ಹೆಚ್ಚಾಗಿ ಹುಡುಗರು, ಫೋನಿನಲ್ಲಿ ಯಾವುದೋ ವಿಡಿಯೋ ನೋಡಿಕೊಂಡು ‘ಚಿನ್ನದ ಗುಹೆ ಎಲ್ಲಿದೆ’ ಎಂದು ಕೇಳುತ್ತ ದೇವಾಲದ ದಾರಿ ಹಿಡಿಯುತ್ತಿದ್ದಾರೆ. ಅಂಥವರ ತಂದೆತಾಯಿಗಳೂ ಇದನ್ನು ಓದಲಿ ಎಂಬುದು ನನ್ನ ಆಸೆ.

ಈ ಊರುಗಳ ಹಿನ್ನೆಲೆಯನ್ನು ತಮ್ಮ ಮುಂದೆ ಸ್ವಲ್ಪ ವಿವರವಾಗಿಯೇ ಇಡಬೇಕಾಗಿದೆ. ಏಕೆಂದರೆ ಇದು ಗೊತ್ತಿಲ್ಲದೆ ಹೋದರೆ ಸುರಂಗಗಳೆಲ್ಲ ಬರಿಯ ಗುಂಡಿಗಳಾಗಿಯೇ ಕಾಣುತ್ತವೆ.

ಇಲ್ಲಿಯ ತೊರೆಗಳ ಮರಳಿನಲ್ಲಿ ಚಿನ್ನವಿದೆ ಎಂಬುದನ್ನು ಬ್ರಿಟಿಷರು ಕಂಡುಹಿಡಿಯಲಿಲ್ಲ. ಇಲ್ಲಿಯ ಆದಿವಾಸಿಗಳಾದ ಪಣಿಯರೂ ಕುರುಂಬರೂ ಮರದ ಮರಿಗೆಯಲ್ಲಿ ಮರಳನ್ನು ಜಾಲಿಸಿ ಚಿನ್ನದ ಪುಡಿ ತೆಗೆಯುತ್ತಿದ್ದ ಕಾಲದಲ್ಲಿ ದೊರೆಗಳು ಇನ್ನೂ ಈ ಬೆಟ್ಟವನ್ನು ಹತ್ತಿರಲಿಲ್ಲ. ನಿಲಂಬೂರು ಮತ್ತು ಈ ಭಾಗದ ಚಿನ್ನವನ್ನು ಪರಿಶೀಲಿಸಲು ಈಸ್ಟ್ ಇಂಡಿಯಾ ಕಂಪನಿ 1831ರಲ್ಲಿ ನಿಕಲ್ಸನ್ ಎಂಬ ಸೇನಾಧಿಕಾರಿಯನ್ನು ಕಳುಹಿಸಿತು. ಮುಂದೆ ದೇವಾಲದ ಬಳಿಯ ಬೆಣಚುಕಲ್ಲಿನ ಪದರಗಳನ್ನು ಒಡೆದು ಚಿನ್ನ ತೆಗೆಯಲು 1874ರಲ್ಲಿ ಆಲ್ಫಾ ಎಂಬ ಕಂಪನಿ ಹುಟ್ಟಿತು. ಮರುವರ್ಷವೇ ಭೂವಿಜ್ಞಾನ ಸರ್ವೇಕ್ಷಣೆಯ ವಿಲಿಯಂ ಕಿಂಗ್ ಅವರ ವರದಿ ಹೊರಬಂತು. ಆಗ್ನೇಯ ವಯನಾಡು ಎಂದು ಕರೆಯುತ್ತಿದ್ದ ಈ ಭಾಗವನ್ನು ಮಲಬಾರಿನಿಂದ ಬಿಡಿಸಿ ನೀಲಗಿರಿಗೆ ಸೇರಿಸಿದ್ದು 1877ರಲ್ಲಿ.

ನಿಜವಾದ ಚಿನ್ನದ ಹುಚ್ಚು ಎದ್ದದ್ದು ಅದಾದ ಮೇಲೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದಲ್ಲಿ ಗಣಿ ಇಲಾಖೆಯ ಕಾರ್ಯದರ್ಶಿಯಾಗಿದ್ದ ರಾಬರ್ಟ್ ಬ್ರೌ ಸ್ಮಿತ್ ಅವರನ್ನು ಸರ್ಕಾರ 1879ರಲ್ಲಿ ಕರೆಸಿತು, ಅವರ ವರದಿ 1880ರಲ್ಲಿ ಅಚ್ಚಾಯಿತು. ಅದರ ಭರವಸೆಯ ಮೇಲೆ ಎರಡೇ ವರ್ಷಗಳಲ್ಲಿ 30ಕ್ಕೂ ಹೆಚ್ಚು ಕಂಪನಿಗಳು ಲಕ್ಷಾಂತರ ಪೌಂಡುಗಳ ಬಂಡವಾಳ ತೋರಿಸಿ ಎದ್ದು ನಿಂತವು. ಎಲೆರೋಗಕ್ಕೂ ಕಾಂಡಕೊರಕಕ್ಕೂ ಸಿಕ್ಕಿ ಸೋತು ಸುಣ್ಣವಾಗಿದ್ದ ಕಾಫಿ ತೋಟಗಳು ಇದ್ದಕ್ಕಿದ್ದಂತೆ ಚಿನ್ನದ ತೋಟಗಳೆಂದು ದುಬಾರಿ ಬೆಲೆಗೆ ಮಾರಾಟವಾದವು. ಕಲ್ಲು ಕುಟ್ಟುವ ಭಾರಿ ಯಂತ್ರಗಳನ್ನು ಮಲಬಾರಿನ ಕರಾವಳಿಯಿಂದ ಘಾಟಿ ಹತ್ತಿಸಿ ತಂದರು. ಪಂದಲೂರಿನಲ್ಲಿ ಹೋಟೆಲು, ಬಂಗಲೆ, ಅಂಗಡಿಗಳ ಪೇಟೆ ರಾತ್ರೋರಾತ್ರಿ ಎದ್ದಿತು. ಆದರೆ ಆಯ್ದ ತುಂಡುಗಳ ಪರೀಕ್ಷೆಯಲ್ಲಿ ಹೊಳೆದ ಚಿನ್ನ ಗಿರಣಿಯಲ್ಲಿ ಕಾಣಲಿಲ್ಲ. ಒಂದು ಟನ್ ಕಲ್ಲು ಕುಟ್ಟಿದರೆ ಕೈಗೆ ಬರುತ್ತಿದ್ದದ್ದು ಕೆಲವೇ ಗ್ರಾಂ. ಕೆಲವು ಕಂಪನಿಗಳಂತೂ ಬಂಡವಾಳದ ಬಹುಪಾಲನ್ನು ಜಮೀನಿನ ಬೆಲೆಗೇ ಸುರಿದು, ಗಣಿಗಾರಿಕೆಗೆ ಕೈಯಲ್ಲಿ ಕಾಸಿಲ್ಲದೆ ನಿಂತವು. ಮೋಸಹೋದೆವೆಂದು ಷೇರುದಾರರು ಲಂಡನ್ನಿನ ನ್ಯಾಯಾಲಯಕ್ಕೆ ಹೋದದ್ದುಂಟು. ದೇವಾಲ ಪ್ರಾವಿಡೆಂಟ್ ಎಂಬ ಕಂಪನಿಯ ಹೆಸರಿನ ಮೊಕದ್ದಮೆ 1883ರ ಇಂಗ್ಲೆಂಡಿನ ಕಾನೂನು ವರದಿಗಳಲ್ಲಿ ಇಂದಿಗೂ ಸಿಗುತ್ತದೆ. ನಮ್ಮ ದೇವಾಲದ ಹೆಸರು ಇಂಗ್ಲೆಂಡಿನ ವಕೀಲರಿಗೆ ಗೊತ್ತಿದ್ದು, ಗೂಡಲೂರಿನ ಶಾಲೆಯ ಮಕ್ಕಳಿಗೆ ಆ ಕಥೆ ಗೊತ್ತಿಲ್ಲದಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಅದೇ 1880ರಲ್ಲಿ ಕೋಲಾರದಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಆರಂಭಿಸಿತ್ತು. ಅಲ್ಲಿಯೂ ಮೊದಲ ವರ್ಷಗಳು ಸೋಲಿನವೇ ಆಗಿದ್ದವು, ಆಮೇಲೆ ಚಾಂಪಿಯನ್ ಎಂದು ಕರೆಯುವ, ಚಿನ್ನವಿದ್ದ ಬೆಣಚುಕಲ್ಲಿನ ಪದರ ಕೈಗೆ ಹತ್ತಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಅಲ್ಲಿ 800 ಟನ್ನಿನಷ್ಟು ಚಿನ್ನ ತೆಗೆದರು. ಕೆಜಿಎಫ್ ಎಂದರೆ ಇಂದು ಚಿಕ್ಕ ಮಕ್ಕಳಿಗೂ ಗೊತ್ತು. ಚಿನ್ನ ಸಿಕ್ಕ ಊರಿನ ಹೆಸರು ಉಳಿಯಿತು, ಸಿಗದ ಊರನ್ನು ಎಲ್ಲರೂ ಮರೆತರು. ಆದರೆ ಬೆಟ್ಟ ಕೊರೆದವರ ಬೆವರು ಎರಡೂ ಕಡೆ ಒಂದೇ ಆಗಿತ್ತು ಮತ್ತು ಕಂಪನಿಗಳು ಬಿಟ್ಟುಹೋದ ಸುರಂಗಗಳು ಎರಡೂ ಕಡೆ ಇವೆ.

ಈಗ ನಾನು ಕಂಡದ್ದನ್ನು ಹೇಳುತ್ತೇನೆ. ಮಳೆಗಾಲ ಮುಗಿದ ಮೇಲೆ, ಮೈಸೂರಿನಿಂದ ಬಂದಿದ್ದ ತಂಗಿಯ ಮಗ, ಅವನ ಹೆಂಡತಿ ಮತ್ತು ಅವರ ಚಿಕ್ಕ ಹುಡುಗನನ್ನು ಕರೆದುಕೊಂಡು ದೇವಾಲಕ್ಕೆ ಹೋದೆ. ತೋಟದಲ್ಲಿ ಕೂಲಿ ಮಾಡಿ ವಯಸ್ಸಾದ ಪಣಿಯ ಹಿರಿಯರೊಬ್ಬರು ದಾರಿ ತೋರಿಸಲು ಒಪ್ಪಿದರು. ಚಹಾ ಗಿಡಗಳ ಸಾಲು ಮುಗಿದು ಲಂಟಾನ ಪೊದೆ ಶುರುವಾಗುವ ಕಡೆ, ಇಳಿಜಾರಿನ ಬುಡದಲ್ಲಿ, ಬಗ್ಗಿ ನಡೆದರೆ ಒಬ್ಬ ಮನುಷ್ಯ ಹೋಗಬಹುದಾದ ಸುರಂಗದ ಬಾಯಿ ಇತ್ತು. ಟಾರ್ಚಿನ ಬೆಳಕಿಗೆ ಗೋಡೆಯ ಮೇಲೆ ಉಳಿಯ ಗುರುತುಗಳು ಒಂದರ ಪಕ್ಕ ಒಂದರಂತೆ ಸಾಲಾಗಿ ಕಾಣುತ್ತಿದ್ದವು. ಕೆಲವು ಕಡೆ ಬೆರಳಿಟ್ಟರೆ ಗುರುತಿನೊಳಗೆ ಬೆರಳ ತುದಿ ಸರಿಯಾಗಿ ಕೂರುತ್ತಿತ್ತು. ನೆಲದಲ್ಲಿ ಪಾದ ಮುಳುಗುವಷ್ಟು ತಣ್ಣನೆಯ ನೀರು ಹೊರಕ್ಕೆ ಹರಿಯುತ್ತಿತ್ತು. ಬಾಯಿಯಿಂದ ಸ್ವಲ್ಪವೇ ಒಳಗೆ ಕರಗಿದ ಮೇಣದ ಬತ್ತಿ, ಹೊಸ ಪ್ಲಾಸ್ಟಿಕ್ ಪೈಪಿನ ತುಂಡು, ಒಡೆದ ಬೆಣಚುಕಲ್ಲು ತುಂಬಿದ ಗೋಣಿಚೀಲ ಇದ್ದವು. ಅಂದರೆ ಆ ಸುರಂಗದೊಳಗೆ ಯಾರೋ ಈಗಲೂ ಕೆಲಸ ಮಾಡುತ್ತಿದ್ದರು.

ಅಲ್ಲಿಂದ ಮೇಲಕ್ಕೆ ಹತ್ತಿದ ಕಡೆ ಅಪಾಯ ಇನ್ನೂ ಹೆಚ್ಚಾಗಿತ್ತು. ಜರೀಗಿಡಗಳು ಹಬ್ಬಿಕೊಂಡ ನೆಲದಲ್ಲಿ ನೇರವಾಗಿ ಕೆಳಕ್ಕೆ ಇಳಿಯುವ ಗುಂಡಿಯೊಂದಿತ್ತು. ಅಂಚಿನ ಕಟ್ಟೆ ಎಂಬುದೇ ಇರಲಿಲ್ಲ. ಹಿರಿಯರು ಕೈಯಡ್ಡ ಹಿಡಿದು ನಿಲ್ಲಿಸದಿದ್ದರೆ ಹುಡುಗ ಇನ್ನೊಂದು ಹೆಜ್ಜೆ ಇಡುತ್ತಿದ್ದ. ಅವರು ಒಂದು ಕಲ್ಲು ಎತ್ತಿ ಒಳಗೆ ಹಾಕಿದರು. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ, ಆಮೇಲೆ ನೀರಿಗೆ ಬಿದ್ದ ಸದ್ದು ಬಂತು. ಹುಡುಗನ ತಾಯಿ ಅಲ್ಲಿಯೇ ನೆಲಕ್ಕೆ ಕುಸಿದು ಕುಳಿತುಬಿಟ್ಟಳು. ದನಗಳು ಬಿದ್ದದ್ದುಂಟೇ ಎಂದು ಕೇಳಿದೆ. ‘ದನವೂ ಬಿದ್ದಿದೆ’ ಎಂದಷ್ಟೇ ಅವರು ಹೇಳಿದರು, ಮುಂದೆ ಕೇಳುವ ಧೈರ್ಯ ನನಗೆ ಬರಲಿಲ್ಲ.

ಇನ್ನೊಂದು ಕಡೆ ಜೆಸಿಬಿಯಿಂದ ಮಣ್ಣು ನೂಕಿ ಮುಚ್ಚಿದ್ದ ಸುರಂಗದ ಬಾಯಿ ಮಳೆಯ ನೀರಿಗೆ ಕೊಚ್ಚಿ ಮತ್ತೆ ತೆರೆದುಕೊಂಡಿತ್ತು. ಮುಚ್ಚಬೇಕೆಂಬ ಮನಸ್ಸು ಯಾರಿಗೋ ಇತ್ತು ಎಂಬುದಕ್ಕೆ ಅದೇ ಸಾಕ್ಷಿ, ಅದಕ್ಕಾಗಿ ಅವರಿಗೆ ಕೃತಜ್ಞನಾಗಿದ್ದೇನೆ. ಆದರೆ ತಮಿಳುನಾಡಿನಲ್ಲಿಯೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ದೇವಾಲವೂ ಒಂದು. ಇಲ್ಲಿ ಸಡಿಲ ಮಣ್ಣು ನಿಲ್ಲುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನೀರು ಹೊರಬರುವ ಸುರಂಗಕ್ಕೆ ಮಣ್ಣಿನ ಬಿರಡೆ ಹಾಕಿದರೆ ಆ ನೀರು ಬೆಟ್ಟದೊಳಗೇ ತುಂಬುತ್ತದೆ. 2024ರ ಜುಲೈಯಲ್ಲಿ ನೆರೆಯ ವಯನಾಡಿನ ಮುಂಡಕೈ, ಚೂರಲ್‌ಮಲೆಯಲ್ಲಿ ಬೆಟ್ಟ ಜಾರಿದ್ದನ್ನು ಕಂಡ ನಾವು, ಇಳಿಜಾರಿನೊಳಗೆ ನೀರು ನಿಲ್ಲಿಸುವ ಯಾವ ಕೆಲಸಕ್ಕೂ ಒಪ್ಪುವ ಸ್ಥಿತಿಯಲ್ಲಿಲ್ಲ.

ಈ ಗುಂಡಿಯ ವಿಷಯವನ್ನು ತಿಳಿಸಲು ನಾನು ಕೆಲವು ಕಚೇರಿಗಳಿಗೆ ಹೋದೆ. ಅವುಗಳ ಹೆಸರು ಹೇಳುವುದಿಲ್ಲ, ಅಲ್ಲಿದ್ದವರು ಯಾರೂ ನನ್ನೊಡನೆ ಅಗೌರವವಾಗಿ ನಡೆದುಕೊಳ್ಳಲಿಲ್ಲ. ಆದರೆ ಒಂದು ಕಡೆ ಅದು ಕಾಡಿನ ಜಾಗವೆಂದರು, ಇನ್ನೊಂದು ಕಡೆ ತೋಟದ ಜಾಗವೆಂದರು, ಮತ್ತೊಂದು ಕಡೆ ಅದು ಗಣಿಯವರ ಕೆಲಸವೆಂದರು. ತೋಟದವರು ಅದು ಜನ್ಮಂ ಭೂಮಿಯ, ಅಂದರೆ ಹಿಂದಿನ ಜಮೀನ್ದಾರರ ವಂಶಪಾರಂಪರ್ಯ ಒಡೆತನದ ನೆಲದ, ತಕರಾರಿನಲ್ಲಿದೆ ಎಂದರು. ಗೂಡಲೂರು ಜನ್ಮಂ ಎಸ್ಟೇಟ್ ರದ್ದತಿ ಕಾಯ್ದೆ ಬಂದದ್ದು 1969ರಲ್ಲಿ. ಅದರ 17ನೆಯ ಪ್ರಕರಣದಡಿಯ ಜಮೀನುಗಳ ಗೊಂದಲ ಇನ್ನೂ ಬಗೆಹರಿದಿಲ್ಲ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಒಡೆತನದ ತೀರ್ಮಾನವಾಗುವವರೆಗೆ ಗುಂಡಿಗೆ ಬೇಲಿ ಹಾಕುವುದಿಲ್ಲ ಎಂದರೆ ಅದು ಇನ್ನೂ ಎರಡು ತಲೆಮಾರು ಹಾಗೆಯೇ ಇರುತ್ತದೆ. ಕೈಬಿಟ್ಟ ಗಣಿಯ ಬಾಯಿಯನ್ನು ಭದ್ರವಾಗಿ ಆವರಿಸಬೇಕೆಂದು 1961ರ ಲೋಹಗಣಿ ನಿಯಮಾವಳಿ ಹೇಳುತ್ತದೆ; ಆ ನಿಯಮ ಬರುವ ಎಷ್ಟೋ ಮೊದಲೇ ಈ ಕಂಪನಿಗಳು ಮಾಯವಾಗಿದ್ದವು. ಹೊಣೆ ಹೊರಬೇಕಾದವರು ಇಲ್ಲದ ಕಡೆ ಹೊಣೆ ಆಡಳಿತದ ಮೇಲೆ ಬರುತ್ತದೆ. ಎಲ್ಲ ಇಲಾಖೆಗಳನ್ನೂ ಒಂದು ಮೇಜಿನ ಸುತ್ತ ಕೂರಿಸುವ ಅಧಿಕಾರ ಜಿಲ್ಲೆಯಲ್ಲಿ ತಮಗೊಬ್ಬರಿಗೇ ಇರುವುದರಿಂದ ಈ ಪತ್ರವನ್ನು ತಮಗೇ ಬರೆದಿದ್ದೇನೆ.

ಸುರಂಗದೊಳಗೆ ಗೋಣಿಚೀಲ ಇಟ್ಟವರ ಬಗ್ಗೆಯೂ ಒಂದು ಮಾತು ಹೇಳಬೇಕು. ಅವರು ಹೊರಗಿನಿಂದ ಬಂದ ದೊಡ್ಡ ದಂಧೆಕೋರರೇ ಆಗಿರಬೇಕಿಲ್ಲ. ಇಲ್ಲಿ ಭಾರತ–ಶ್ರೀಲಂಕಾ ನಡುವಿನ 1964ರ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಬಂದು ಚಹಾ ತೋಟಗಳಲ್ಲಿ ಬದುಕು ಕಟ್ಟಿಕೊಂಡ ಕುಟುಂಬಗಳಿವೆ, ನೆಲ ಕಳೆದುಕೊಂಡ ಪಣಿಯ ಮತ್ತು ಕಾಟ್ಟುನಾಯಕ ಕುಟುಂಬಗಳಿವೆ. ತೋಟದ ಕೂಲಿ ಸಾಲದೆ, ಕೆಲಸವಿಲ್ಲದ ದಿನಗಳಲ್ಲಿ ಒಬ್ಬ ಯುವಕ ಟಾರ್ಚು ಕಟ್ಟಿಕೊಂಡು ಈ ಸುರಂಗಕ್ಕೆ ನುಗ್ಗುತ್ತಾನೆ. ಮಣ್ಣು ಕುಸಿದೋ ಉಸಿರು ಕಟ್ಟಿಯೋ ಸತ್ತವರ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವು ಓದಿದ್ದೇವೆ. ತಂದ ಕಲ್ಲನ್ನು ಪುಡಿ ಮಾಡಿ, ಪಾದರಸದಲ್ಲಿ ಬೆರೆಸಿ, ಆ ಮುದ್ದೆಯನ್ನು ಕಾಯಿಸಿ ಚಿನ್ನ ಬೇರ್ಪಡಿಸುತ್ತಾರೆ. ಮನೆಯೊಳಗೆ ಇದನ್ನು ಮಾಡಿದರೆ ಪಾದರಸದ ಆವಿಯನ್ನು ಹೆಂಡತಿ ಮಕ್ಕಳೂ ಉಸಿರಾಡುತ್ತಾರೆ. ತೊಳೆದ ನೀರು ತೊರೆಗೆ ಸೇರುತ್ತದೆ. ಇಲ್ಲಿಯ ತೊರೆಗಳಲ್ಲಿ ಹಲವು ಚಾಲಿಯಾರ್ ಹೊಳೆಗೆ ಹೋಗುತ್ತವೆ. ಪೊಲೀಸರು ಹಿಡಿದು ಮೊಕದ್ದಮೆ ಹಾಕುವುದರಿಂದ ಈ ಹಸಿವು ನಿಂತಿದ್ದರೆ ಇಷ್ಟು ಹೊತ್ತಿಗೆ ನಿಲ್ಲಬೇಕಿತ್ತು.

ತಮ್ಮಲ್ಲಿ ಮೊದಲ ಬೇಡಿಕೆ, ಮುಂದಿನ ಮುಂಗಾರಿಗೆ ಮುಂಚೆ ಆಗಬೇಕಾದದ್ದು. ಕಂದಾಯ, ಅರಣ್ಯ, ಗಣಿ ಮತ್ತು ತೋಟಗಳ ಪ್ರತಿನಿಧಿಗಳ ಜಂಟಿ ತಂಡವೊಂದು ದೇವಾಲದಿಂದ ಚೇರಂಬಾಡಿಯವರೆಗೆ ನಡೆದು, ಪ್ರತಿಯೊಂದು ಸುರಂಗ ಮತ್ತು ಗುಂಡಿಗೆ ಸಂಖ್ಯೆ ಕೊಟ್ಟು, ನಕ್ಷೆಯಲ್ಲಿ ಗುರುತಿಸಬೇಕು. ನೇರಕ್ಕೆ ಇಳಿಯುವ ಗುಂಡಿಗಳಿಗೆ ಕೂಡಲೇ ಗಟ್ಟಿ ಬೇಲಿ ಹಾಕಬೇಕು. ಅಡ್ಡ ಸುರಂಗಗಳಿಗೆ ಮಣ್ಣು ತುಂಬುವ ಬದಲು, ನೀರೂ ಬಾವಲಿಗಳೂ ಹೊರಬರುವಂತೆ ಅಂತರವಿಟ್ಟ ಕಬ್ಬಿಣದ ಜಾಲರಿ ಬಾಗಿಲು ಕೂರಿಸಬೇಕು. ಮನೆಗಳ ಮೇಲಿನ ಇಳಿಜಾರಿನಲ್ಲಿರುವ ಸುರಂಗಗಳನ್ನು ಭೂವಿಜ್ಞಾನಿಗಳು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಕಾಡಿನ ಹಕ್ಕು ಕಾಯ್ದೆಯಡಿ ಬರುವ ಜಾಗಗಳಲ್ಲಿ ಗ್ರಾಮಸಭೆಯನ್ನು ಕೇಳಿಯೇ ಇದನ್ನು ಮಾಡಬೇಕು.

ಚರಿತ್ರೆಯ ವಿಷಯದಲ್ಲಿ ನಾನು ಕೇಳುವುದು ದೊಡ್ಡ ಖರ್ಚಿನದಲ್ಲ. ಊಟಿಯ ದಾರಿಯಲ್ಲಿ ನಡುವಟ್ಟಂನ ಹಳೆಯ ಸೆರೆಮನೆಯನ್ನು ಉಳಿಸಿ, ಬಂದವರಿಗೆ ತೋರಿಸುವ ಏರ್ಪಾಡು ಈಗಾಗಲೇ ಇದೆ. ಅಂಥದ್ದೇ ಒಂದು ಸಣ್ಣ ಕೋಣೆ ದೇವಾಲದಲ್ಲೋ ಪಂದಲೂರಿನಲ್ಲೋ ಆಗಲಿ. ಹಳೆಯ ನಕ್ಷೆಗಳು, ಕಿಂಗ್ ಮತ್ತು ಸ್ಮಿತ್ ಅವರ ವರದಿಗಳ ಪ್ರತಿಗಳು, ಕಂಪನಿಗಳ ಕಾಗದಪತ್ರಗಳ ನಕಲುಗಳು ಅಲ್ಲಿರಲಿ. ಮರಿಗೆಯಲ್ಲಿ ಮರಳು ಜಾಲಿಸುವುದು ಹೇಗೆಂದು ಬಲ್ಲ ಆದಿವಾಸಿ ಹಿರಿಯರ ಮಾತುಗಳನ್ನು ಅವರ ಭಾಷೆಯಲ್ಲಿಯೇ ಧ್ವನಿಮುದ್ರಿಸಿ ಇಡಲಿ. ಲಂಡನ್ನಿನ ಕಾಗದಗಳಲ್ಲಿ ನಿರ್ದೇಶಕರ ಹೆಸರುಗಳೆಲ್ಲ ಇವೆ. ಕಲ್ಲು ಹೊತ್ತವರು ಯಾರೆಂದು ಅವರ ಮೊಮ್ಮಕ್ಕಳ ನೆನಪಿನಿಂದಲೇ ತಿಳಿಯಬೇಕು, ಆ ನೆನಪುಳ್ಳವರು ಈಗ ಬೆರಳೆಣಿಕೆಯಷ್ಟಿದ್ದಾರೆ. ರಸ್ತೆಯ ಪಕ್ಕ, ಸುರಂಗದ ಹತ್ತಿರವಲ್ಲ, ತಮಿಳು, ಮಲಯಾಳಂ, ಕನ್ನಡ ಮತ್ತು ಇಂಗ್ಲಿಷಿನಲ್ಲಿ ಫಲಕ ಹಾಕಬೇಕು. ಮೂರು ರಾಜ್ಯಗಳ ಜನ ಓಡಾಡುವ ಜಾಗವಿದು. ‘ಒಳಗೆ ಹೋಗಬೇಡಿ’ ಎಂಬ ಮಾತು ಓದುವವನ ಭಾಷೆಯಲ್ಲಿರದಿದ್ದರೆ ಅದರಿಂದ ಪ್ರಯೋಜನವಿಲ್ಲ. 2024ರ ಮೇ ತಿಂಗಳಿಂದ ನೀಲಗಿರಿಗೆ ಬರುವ ವಾಹನಗಳಿಗೆ ಇ-ಪಾಸ್ ಇರುವುದರಿಂದ, ಆ ಪಾಸಿನ ಜೊತೆಗೇ ಈ ಎರಡು ಸಾಲಿನ ಎಚ್ಚರಿಕೆಯನ್ನೂ ಕಳುಹಿಸಬಹುದು.

ಅಲ್ಲಲ್ಲಿ ಉಳಿದಿರುವ ಗಿರಣಿಯ ಕಲ್ಲಿನ ಅಡಿಪಾಯಗಳನ್ನೂ ಕಬ್ಬಿಣದ ಭಾಗಗಳನ್ನೂ 1966ರ ತಮಿಳುನಾಡು ಪುರಾತನ ಸ್ಮಾರಕಗಳ ಕಾಯ್ದೆಯಡಿ ರಕ್ಷಿಸಲು ಸಾಧ್ಯವೇ ಎಂದು ಪುರಾತತ್ವ ಇಲಾಖೆಯಿಂದ ಪರಿಶೀಲನೆ ಮಾಡಿಸಬೇಕೆಂದು ಕೋರುತ್ತೇನೆ. ನಾನು ಒಮ್ಮೆ ಕಂಡಿದ್ದ, ಎರಡು ಕೈಗಳಿಂದಲೂ ತಬ್ಬಲಾಗದಷ್ಟು ದೊಡ್ಡ ತುಕ್ಕು ಹಿಡಿದ ಚಕ್ರವೊಂದು ಮುಂದಿನ ಸಲ ಹೋದಾಗ ಇರಲಿಲ್ಲ. ಗುಜರಿಗೆ ಹೋಯಿತೆಂದು ಪಕ್ಕದ ಮನೆಯವರು ಹೇಳಿದರು. ಮಾರಿದವರನ್ನು ನಾನು ದೂರುವುದಿಲ್ಲ, ಅದಕ್ಕೆ ತೂಕದ ಬೆಲೆಯಲ್ಲದೆ ಬೇರೆ ಬೆಲೆಯಿದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಮುಂಚಿತವಾಗಿಯೇ ವಿರೋಧ ಸೂಚಿಸಬೇಕಾಗಿದೆ. ಪ್ರವಾಸೋದ್ಯಮದ ಹೆಸರಿನಲ್ಲಿ ಸುರಂಗದೊಳಗೆ ಜನರನ್ನು ಕರೆದೊಯ್ಯುವ, ದೀಪ ಹಾಕಿ ಸಾಹಸದ ಆಟ ನಡೆಸುವ, ಪಕ್ಕದಲ್ಲಿ ರೆಸಾರ್ಟು ಕಟ್ಟುವ ಯೋಜನೆಗಳಿಗೆ ದಯವಿಟ್ಟು ಅನುಮತಿ ಕೊಡಬೇಡಿ. ಇದು ಆನೆಗಳು ಓಡಾಡುವ ನೆಲ, ಜೊತೆಗೆ ಸಡಿಲ ಬೆಟ್ಟ. ಸುರಕ್ಷಿತವೆಂದು ಭೂವಿಜ್ಞಾನಿಗಳು ಹೇಳಿದ ಒಂದು ಬಾಯಿಯನ್ನು ಹೊರಗಿನಿಂದ ನೋಡುವ ವ್ಯವಸ್ಥೆ ಸಾಕು. ದಾರಿ ತೋರಿಸುವ, ಕೋಣೆ ನೋಡಿಕೊಳ್ಳುವ ಕೆಲಸಗಳು ಅಲ್ಲಿಯ ಪಣಿಯ, ಕಾಟ್ಟುನಾಯಕ ಮತ್ತು ತೋಟ ಕಾರ್ಮಿಕರ ಮನೆಯ ಮಕ್ಕಳಿಗೆ ಸಿಗಬೇಕು, ತಿಂಗಳ ಸಂಬಳದ ಮೇಲೆ.

ತೊರೆಗಳ ನೀರಿನಲ್ಲಿ ಮತ್ತು ಕೆಸರಿನಲ್ಲಿ ಪಾದರಸದ ಪರೀಕ್ಷೆ ನಡೆಸಿ, ಫಲಿತಾಂಶವನ್ನು ತಮಿಳಿನಲ್ಲಿ ಪಂಚಾಯಿತಿಗಳ ಸೂಚನಾ ಫಲಕದಲ್ಲಿ ಪ್ರಕಟಿಸಬೇಕು. ಸುರಂಗದಲ್ಲಿ ದುಡಿದವರು ಹೆದರದೆ ಬಂದು ಶ್ವಾಸಕೋಶ ತೋರಿಸಿಕೊಳ್ಳುವಂಥ ವೈದ್ಯಕೀಯ ಶಿಬಿರವನ್ನು, ಪೊಲೀಸರ ಹಾಜರಿ ಇಲ್ಲದೆ, ಏರ್ಪಡಿಸಬೇಕು.

ಈ ಬೇಡಿಕೆಗಳಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದನ್ನು ಪಂದಲೂರಿನಲ್ಲಿ ಸಾರ್ವಜನಿಕ ಸಭೆ ಕರೆದು ತಿಳಿಸಬೇಕೆಂದು ಪ್ರಾರ್ಥಿಸುತ್ತೇನೆ. ಸರ್ವೆಗೆ ತಂಡ ಬರುವುದಾದರೆ ನಮಗೆ ದಾರಿ ತೋರಿಸಿದ ಹಿರಿಯರು ಜೊತೆಗೆ ನಡೆಯಲು ಒಪ್ಪಿದ್ದಾರೆ, ಅವರಿಗೆ ಆ ದಿನಗಳ ಕೂಲಿಯನ್ನು ಆಡಳಿತವೇ ಕೊಡಬೇಕು. ನಾನೂ ಬರುತ್ತೇನೆ. ಜನವರಿಯಿಂದ ಮಾರ್ಚ್‌ವರೆಗೆ ಪೊದೆ ಒಣಗಿ ನೆಲ ಕಾಣುವುದರಿಂದ ಗುಂಡಿಗಳನ್ನು ಗುರುತಿಸಲು ಅದೇ ತಕ್ಕ ಸಮಯ. ಅದು ತಪ್ಪಿದರೆ ಮತ್ತೆ ಒಂದು ಮಳೆಗಾಲ ಕಾಯಬೇಕಾಗುತ್ತದೆ. ಆದ್ದರಿಂದ ಜಂಟಿ ತಂಡವನ್ನು ನೇಮಿಸುವ ಆದೇಶ ಈ ಡಿಸೆಂಬರ್ ಒಳಗೆ ಹೊರಬೀಳಲಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಗೂಡಲೂರಿನ ಕನ್ನಡಿಗ ನಿವಾಸಿ